ಸಾರ್, ಹೇಳಿಬಿಟ್ರಾ?

ಆರೋಪಿಯ ಹಿಂದೆ ಅಲೆಯುವುದು, ಕಡತ ತಿರುವಿಹಾಕುವುದು, ಸಾಕ್ಷಿ ಹುಡುಕುವುದು, ಇದೆಲ್ಲ ಹಳೇ ಕಾಲದ ಪಾಡು. ಅವನ ವಕೀಲರನ್ನೇ ಕರೆಸಿ ‘ಏನಂದ ಸ್ವಾಮಿ ನಿಮ್ಮೋನು?’ ಎಂದರೆ ಮುಗಿಯಿತಲ್ಲ! 2025ರ ಜೂನ್‌ನಲ್ಲಿ ಇಬ್ಬರು ಹಿರಿಯ ವಕೀಲರಿಗೆ ಸಮನ್ಸ್ ಕಳಿಸಿದ ಇ.ಡಿ.ಯ ಜಾಣತನಕ್ಕೆ ಅಡ್ಡಬಿದ್ದೆ.

ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 132ನೇ ಸೆಕ್ಷನ್ ಒಂದಿದೆ. 1872ರ ಕಾಯ್ದೆಯಲ್ಲಿ 126 ಆಗಿತ್ತು, ಈಗ ನಂಬರ್ ಪ್ಲೇಟ್ ಬದಲಾಗಿದೆ. ಕಕ್ಷಿದಾರ ಒಪ್ಪದೆ ವಕೀಲ ಬಾಯಿ ಬಿಡುವಂತಿಲ್ಲ, ಕೇಸು ಮುಗಿದ ಮೇಲೂ. ಗುಮಾಸ್ತನಿಗೂ ಅದೇ ನಿಯಮ. ಅಕ್ರಮ ನಡೆಸಲೆಂದೇ ಆಡಿದ ಮಾತಿಗೆ, ಕೇಸು ಹಿಡಿದ ಮೇಲೆ ನಡೆದು ವಕೀಲರ ಕಣ್ಣಿಗೇ ಬಿದ್ದ ಅಪರಾಧಕ್ಕೆ ಈ ರಕ್ಷಣೆ ಇಲ್ಲ.

ಪಾಪ, ಇದನ್ನು ಬರೆದವರು ನಮ್ಮ ಕಕ್ಷಿದಾರರನ್ನು ಕಂಡಿರಲಿಕ್ಕಿಲ್ಲ. ವಕೀಲರ ಬಾಯಿಗೆ ಬೀಗ, ಕೀಲಿ ಕಕ್ಷಿದಾರನ ಕೈಯಲ್ಲಿ. ಆತನೋ ಭಾವಮೈದ, ಸೋದರಮಾವ, ‘ನಂಗೂ ಸ್ವಲ್ಪ ಲಾ ಗೊತ್ತು’ ಎನ್ನುವ ನಿವೃತ್ತ ನೆಂಟ, ಇಷ್ಟು ಜನರ ದಿಬ್ಬಣದೊಂದಿಗೆ ಆಫೀಸಿಗೆ ಬರುತ್ತಾನೆ. ಬಾಗಿಲು ಹಾಕಿ ಅಂದರೆ, ‘ಇರ್ಲಿ ಸಾರ್, ಎಲ್ಲಾ ನಮ್ಮೋರೇ.’ ಸಂಜೆಯೊಳಗೆ ವಕೀಲರ ವಾಯ್ಸ್ ಮೆಸೇಜು ಮನೆಯವರ ವಾಟ್ಸ್‌ಆಪ್ ಗ್ರೂಪಿನಲ್ಲಿ. ದಾವೆ ದಾಯಾದಿಗಳದ್ದಾದ್ದರಿಂದ ಎದುರು ಪಾರ್ಟಿಯ ಹೆಂಡತಿಯೂ ಅದೇ ಗ್ರೂಪಿನಲ್ಲಿದ್ದಾಳೆ. ಮೊದಲು ಕೈ ಮುಗಿದ ಇಮೋಜಿ ಹಾಕುವವಳೂ ಅವಳೇ.

ಇರಲಿ. ಗದ್ದಲವೆದ್ದಿತು, ಇ.ಡಿ.ಯ ಸಮನ್ಸ್ ವಾಪಸಾಯಿತು. ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು, ವಿನಾಯಿತಿಗಳ ಹೊರತು ವಕೀಲರನ್ನು ಕರೆಸಬೇಡಿ, ಕರೆಸಲೇಬೇಕಾದರೆ ಎಸ್ಪಿ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿಯ ಒಪ್ಪಿಗೆ ಪಡೆಯಿರಿ ಎಂದಿತು. ಕಂಪನಿಯ ಸಂಬಳದ ಲಾಯರಿಗೆ ಮಾತ್ರ 132ರ ನೆರಳಿಲ್ಲವಂತೆ. ಅದೇ ಪದವಿ, ಅದೇ ಗುಟ್ಟು. ತಿಂಗಳ ಸಂಬಳ ಬಂತೋ, ಗುಟ್ಟು ಬೀದಿಗೆ ಬಂತು.

ನಗು ಇಲ್ಲಿಗೆ ನಿಲ್ಲುತ್ತದೆ. ದೊಡ್ಡವರಿಗೆ ಸಮನ್ಸ್ ಬಂದರೆ ವಕೀಲರ ಸಂಘಗಳು ಎದ್ದು ನಿಲ್ಲುತ್ತವೆ. ಸುಪ್ರೀಂ ಕೋರ್ಟಿನಲ್ಲಿ ಈ ಪ್ರಶ್ನೆ ಎದ್ದದ್ದು ಗುಜರಾತಿನ ಒಬ್ಬ ವಕೀಲನಿಂದ. ಕಕ್ಷಿದಾರನಿಗೆ ಜಾಮೀನು ಕೊಡಿಸಿದ್ದ, ಪೊಲೀಸರು ಕರೆದರು. ಹೈಕೋರ್ಟು ಕೈ ಹಿಡಿಯಲಿಲ್ಲ, ದೆಹಲಿಗೆ ಹೋದ. ದೆಹಲಿಗೆ ಹೋಗುವ ತಾಕತ್ತಿಲ್ಲದ ತಾಲ್ಲೂಕು ಕೋರ್ಟಿನ ಹುಡುಗ ಏನು ಮಾಡಬೇಕು? ಒಪ್ಪಿಗೆಯ ಪತ್ರ ಎಲ್ಲಿ ಎಂದು ಇನ್ಸ್‌ಪೆಕ್ಟರನ್ನೇ ಕೇಳಬೇಕೆ? ಠಾಣೆಯ ಬೆಂಚಿನ ಮೇಲೆ ಕೂತಿರುತ್ತಾನೆ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿರುತ್ತದೆ. ಕಕ್ಷಿದಾರನದ್ದು:

‘ಸಾರ್, ನಾನಂದಿದ್ದು ಹೇಳಿಬಿಟ್ರಾ?’