ಟೋಪಿ ಬಿದ್ದ ದ್ರಾಕ್ಷಿತೋಟ

ಕೇಪ್ ಟೌನಿಗೆ ಹೋದವರೆಲ್ಲ ಗ್ರೂಟ್ ಕಾನ್‌ಸ್ಟಾನ್ಷಿಯಾ ತೋಟಕ್ಕೆ ವೈನ್ ಕುಡಿಯಲು ಹೋಗುತ್ತಾರೆ. ನಾನು ಹಳೆಯ ಕಟ್ಟಡ ನೋಡಲು ಹೋದೆ. ಮನೆಯಲ್ಲಿ ಯಾರೂ ನಂಬಿಲ್ಲ, ಇರಲಿ.

ಗಾಡಿಯಿಂದ ಇಳಿದ ಕೂಡಲೇ ಟೋಪಿ ಹಾರಿತು. ಬೇಸಿಗೆಯಲ್ಲಿ ಅಲ್ಲಿ ಬೀಸುವ ಆಗ್ನೇಯ ಗಾಳಿಗೆ 'ಕೇಪ್ ಡಾಕ್ಟರ್' ಅಂತ ಹೆಸರು. ಊರಿನ ಕೊಳಕನ್ನೆಲ್ಲ ಗುಡಿಸಿ ಹಾಕುತ್ತದಂತೆ. ನನ್ನ ಹತ್ತಿರ ಫೀಸಿಗೆ ಟೋಪಿ ಕಿತ್ತುಕೊಂಡಿತು. ದ್ರಾಕ್ಷಿ ಸಾಲುಗಳ ನಡುವೆ ನಾನು ಓಡುವುದನ್ನು ಪ್ರವಾಸಿಗರು ವಿಡಿಯೋ ಮಾಡಿಕೊಂಡರು. ನೋಡಲು ಬಂದವನೇ ನೋಟವಾಗಿಬಿಟ್ಟೆ.

ಈ ಜಮೀನು 1685ರಲ್ಲಿ ಡಚ್ ಅಧಿಕಾರಿ ಸೈಮನ್ ವಾನ್ ಡರ್ ಸ್ಟೆಲ್‌ಗೆ ಸಿಕ್ಕಿದ್ದು. ಅವನು ಸತ್ತ ಮೇಲೆ ತೋಟ ಪಾಲಾಯಿತು. 1778ರಲ್ಲಿ ಹೆಂಡ್ರಿಕ್ ಕ್ಲೂಟೆ ಕೊಂಡ ಮೇಲೆಯೇ ಮತ್ತೆ ಕಳೆ ಬಂದಿದ್ದು. ಇಲ್ಲಿನ ಸಿಹಿ ವೈನ್ ಯುರೋಪಿನ ಅರಮನೆಗಳಿಗೆ ಹೋಯಿತು. ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ ಕೂಡ ತರಿಸಿಕೊಂಡು ಕುಡಿದ. ಬೆವರು ಸುರಿಸಿದ ಗುಲಾಮರ ಬಾಯಿಗೆ ಅದು ಎಷ್ಟು ಬಿತ್ತೋ!

ಕ್ಲೂಟೆ 1791ರಲ್ಲಿ ಕಟ್ಟಿಸಿದ ವೈನ್ ಉಗ್ರಾಣದ ನೆತ್ತಿಯಲ್ಲಿ ಶಿಲ್ಪಿ ಆಂಟನ್ ಆನ್ರೈತ್ ಮಾಡಿದ ಉಬ್ಬುಶಿಲ್ಪವಿದೆ. ಗ್ರೀಕ್ ಪುರಾಣದಲ್ಲಿ ದೇವತೆಗಳಿಗೆ ಮದ್ಯ ಬಡಿಸುವ ಗ್ಯಾನಿಮೀಡ್, ಹದ್ದು, ಗುಂಡುಗುಂಡಾದ ಮಕ್ಕಳು. ಅದರ ಜೊತೆ ನನ್ನದೊಂದು ಫೋಟೋ ತೆಗೆಯಿರಿ ಅಂತ ಒಬ್ಬರಿಗೆ ಫೋನ್ ಕೊಟ್ಟೆ. ಫೋಟೋದಲ್ಲಿ ಹುಲ್ಲುಹಾಸು ಚೆನ್ನಾಗಿ ಬಂದಿದೆ. ನನ್ನ ಚಪ್ಪಲಿಯೂ ಬಂದಿದೆ.

ಆದರೆ ಈ ತೋಟದಲ್ಲಿ ಜಾಸ್ತಿ ಪಾಡು ಪಟ್ಟಿದ್ದು ಸರ್ಕಾರ. 1885ರಲ್ಲಿ ಕೇಪ್ ಸರ್ಕಾರ ಈ ಎಸ್ಟೇಟನ್ನು ಕೊಂಡುಕೊಂಡಿತು. ಮರುವರ್ಷವೇ ಬಳ್ಳಿಯ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಪುಟ್ಟ ಹೇನು ಕೇಪ್‌ನಲ್ಲಿ ಪತ್ತೆಯಾಯಿತು! ಇಷ್ಟು ಕರಾರುವಾಕ್ಕಾಗಿ ಟೋಪಿ ಬೀಳಬೇಕಾದರೆ ಪಂಚಾಂಗ ನೋಡಿಯೇ ಕೊಂಡಿರಬೇಕು, ಅಲ್ವಾ? ನನ್ನದಾದರೂ ಬೇಲಿಗೆ ಸಿಕ್ಕಿಕೊಂಡು ವಾಪಸ್ ಬಂತು.

ಸಾಲದ್ದಕ್ಕೆ 1925ರಲ್ಲಿ ಅಡುಗೆಮನೆ ಚಿಮಣಿಯ ಕಿಡಿ ಹುಲ್ಲಿನ ಚಾವಣಿಗೆ ಬಿದ್ದು ದೊಡ್ಡ ಮನೆ ಸುಟ್ಟುಹೋಯಿತು. ಕೆಂಡಾಲ್ ಎಂಬ ವಾಸ್ತುಶಿಲ್ಪಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಬಿಳಿ ಗೋಡೆ, ಚಾವಣಿಯ ಮುಂದೆ ಏರಿ ನಿಲ್ಲುವ ಬಳುಕುವ ಅಂಚಿನ ಎತ್ತರದ ಗೋಡೆ ಅಂದರೆ ಗೇಬಲ್, ಎಲ್ಲ ಮೊದಲಿನ ಹಾಗೇ. ಇಷ್ಟಾದ ಮೇಲಾದರೂ ಹೆಂಚು ಹಾಕಿದರಾ? ಇಲ್ಲ. ಮತ್ತೆ ಹುಲ್ಲೇ!

ಅದರ ಕೆಳಗೇ ನಿಂತು ಗೈಡ್ ಬೆಂಕಿಯ ಕಥೆ ಹೇಳುತ್ತಿದ್ದರು. ನನ್ನ ಪಕ್ಕದಾತ ತಲ್ಲೀನನಾಗಿ ಕೇಳುತ್ತಾ ಜೇಬಿನಿಂದ ಸಿಗರೇಟು, ಲೈಟರ್ ತೆಗೆದ. ಅವನ ಹೆಂಡತಿ ಕೈ ಮೇಲೆ ಪಟ್ಟಂತ ಒಂದು ಬಿಟ್ಟಳು.