ಕಾಕಾನ ರಕ್ತ ಬೆಂಗಳೂರು ನೋಡಿ ಬಂತು

ಕಲಬುರಗಿಯಲ್ಲಿ ಈಗ ಜ್ವರ ಬಂದವರನ್ನು ಯಾರೂ 'ಹೆಂಗಿದೀರಿ' ಅಂತ ಕೇಳುವುದಿಲ್ಲ. 'ಸಿಆರ್‌ಪಿ ಎಷ್ಟ್ ಅದರಿ?' ಅಂತಾರೆ. ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಅದು. ನಮ್ಮ ಕಾಕಾಗೆ ಫ್ಲೂ ಬಂತು. ಲ್ಯಾಬಿನವರು ರಕ್ತ ಪರೀಕ್ಷೆಗಳ ಪ್ಯಾಕೇಜ್ ಹಿಡಿಸಿದರು: ಸಿಆರ್‌ಪಿ, ಫೆರಿಟಿನ್, ಎಲ್‌ಡಿಎಚ್, ಡಿ-ಡೈಮರ್, ಐಎಲ್-6. ಬಿಲ್ ನೋಡಿ ಕಾಕಾನ ಬಿಪಿ ಏರಿತು. ಅದು ಪ್ಯಾಕೇಜಿನಲ್ಲಿ ಇರಲಿಲ್ಲ.

ರಕ್ತ ಹೆಪ್ಪುಗಟ್ಟುವುದರ ಸುಳಿವು ಕೊಡುವ ಡಿ-ಡೈಮರ್ 620 ಅಂತ ಬಂತು. ಮನೆಯಲ್ಲಿ ಅಳು. ಮರುದಿನ ಇನ್ನೊಂದು ಲ್ಯಾಬಿನಲ್ಲಿ 0.62. ಕಾಕಿ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಮೊದಲಿನದು ನ್ಯಾನೋಗ್ರಾಂ ಲೆಕ್ಕ, ಎರಡನೆಯದು ಮೈಕ್ರೋಗ್ರಾಂ ಲೆಕ್ಕ, ಎರಡೂ ಒಂದೇ ಅಂತ ಹೇಳುವ ಧೈರ್ಯ ನನಗಾಗಲಿಲ್ಲ. ಎಪ್ಪತ್ತು ದಾಟಿದವರಿಗೆ ಅದು ಹೇಗೂ ಸ್ವಲ್ಪ ಜಾಸ್ತಿ ಇರುತ್ತದೆ ಅಂತಲೂ ಹೇಳಲಿಲ್ಲ. ಕಾಯಿ ಒಡೆದಾಗಿತ್ತಲ್ಲ.

ಐಎಲ್-6 ಕಥೆ ಇನ್ನೂ ಚೆಂದ. ಸೋಂಕು ತಗುಲಿದಾಗ ಬಿಳಿ ರಕ್ತಕಣಗಳು ಹೊಡೆಯುವ ಡಂಗುರ ಅದು. ಅದು ಕೇಳಿಸಿದ ಮೇಲೆ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಈ ಐಎಲ್-6 ಗಂಟೆಗಳಲ್ಲೇ ಏರುತ್ತದೆ, ಇಳಿಯುತ್ತದೆ. ಇಂಥದ್ದನ್ನು ಅಳೆಯಲು ಆ ಲ್ಯಾಬಿನವರು ಸ್ಯಾಂಪಲ್ಲನ್ನು ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ಕಳಿಸಿದರು. ಹತ್ತಿರ ಹತ್ತಿರ ಆರುನೂರು ಕಿಲೋಮೀಟರ್! ವಿಧಾನಸೌಧ ನೋಡಬೇಕು ಅಂತ ಕಾಕಾ ನಲವತ್ತು ವರ್ಷದಿಂದ ಹೇಳುತ್ತಿದ್ದರು. ಕೊನೆಗೆ ಎರಡು ಎಂಎಲ್ ಆದರೂ ಹೋಯಿತು.

ನಮಗೆ ಬೆಂಗಳೂರಿನಿಂದ ಏನೂ ಬರುವುದಿಲ್ಲ ಅನ್ನಬೇಡಿ. 2019ರಲ್ಲಿ 'ಕಲ್ಯಾಣ ಕರ್ನಾಟಕ' ಅನ್ನುವ ಹೆಸರು ಬಂತು. ಹೆಸರಿಗೆ ಐಸ್ ಡಬ್ಬಿ ಬೇಕಾಗಲಿಲ್ಲ.

ಆದರೆ 2020ರ ಮಾರ್ಚ್ 10 ನೆನಪಾದರೆ ನಗು ನಿಂತುಬಿಡುತ್ತದೆ. ದೇಶದ ಮೊದಲ ಕೊರೋನಾ ಸಾವು ನಮ್ಮ ಊರಿನವರದು. 76 ವರ್ಷದ ಹಿರಿಯರು. ಆಗಲೂ ಸ್ಯಾಂಪಲ್ ಬೆಂಗಳೂರಿಗೇ ಹೋಗಿತ್ತು. ಕೊರೋನಾ ಅಂತ ಖಚಿತವಾದದ್ದು 12ಕ್ಕೆ. ಆಮೇಲೆ ಕೊರೋನಾ ಟೆಸ್ಟ್ ಲ್ಯಾಬ್ ಇಲ್ಲಿಗೂ ಬಂತು, ನಿಜ. ಯಾವಾಗಲೂ ಆಮೇಲೆಯೇ ಯಾಕೆ ಬರಬೇಕು? ಆರು ವರ್ಷದಿಂದ ಇದನ್ನೇ ಕೇಳಿ ಕೇಳಿ ಸಾಕಾಗಿದೆ. ಇಷ್ಟೆಲ್ಲ ರಕ್ತ ತೆಗೆದವರಲ್ಲಿ ಒಬ್ಬರೂ ಕಾಕಾನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಲಿಲ್ಲ. ಗಡಿಯಾರ ನೋಡಿ ಒಂದು ನಿಮಿಷ ಉಸಿರು ಎಣಿಸಲಿಲ್ಲ. ಅದಕ್ಕೆ ಬಿಲ್ ಮಾಡಲು ಬರುವುದಿಲ್ಲ, ಅಲ್ವಾ?

ನಾಲ್ಕನೇ ದಿನ ವಾಟ್ಸಾಪಿಗೆ ರಿಪೋರ್ಟ್ ಬಂತು. ಐಎಲ್-6 ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ 'ಹೈ'. ಕಾಕಾ ಕಟ್ಟೆಯ ಮೇಲೆ ಕೂತು ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಕನ್ನಡಕ ಏರಿಸಿಕೊಂಡು ಮೊಬೈಲ್ ನೋಡಿದರು.

"ಯಾರ್ದೋ ತಮ್ಮಾ ಇದು? ಪಾಪ, ಭಾಳ ಸೀರಿಯಸ್ ಅದಾನಲ್ಲೋ!"