ಲಾಕಿನ ಬೆನ್ನಿಗೊಂದು ಲಾಕು

ನಮ್ಮ ಮನೆಯ ಕಂಪ್ಯೂಟರ್ ಟೇಬಲ್ಲು ಗೋಡೆ ಬಿಟ್ಟು ಒಂದು ಗೇಣು ಮುಂದಕ್ಕೆ ನಿಂತಿರುತ್ತಿತ್ತು. ಬಂದವರೆಲ್ಲ ‘ವಾಸ್ತುನಾ?’ ಅಂತ ಕೇಳೋರು. ವಾಸ್ತು ಅಲ್ಲ, ಲಾಕು.

ಯಾವ ಕಂಪ್ಯೂಟರಿನಲ್ಲೂ ಕನ್ನಡ ಮೂಡಿಸುವ ಯೂನಿಕೋಡ್ ಇನ್ನೂ ಮನೆಮನೆಗೆ ಬಂದಿರದ ಕಾಲ. ನನ್ನ ಹೆಂಡತಿ ಮನೆಯಲ್ಲೇ ಲಗ್ನಪತ್ರಿಕೆಗಳ ಡಿಟಿಪಿ ಮಾಡುತ್ತಿದ್ದಳು. ದುಡ್ಡು ಕೊಟ್ಟು ತಂದ ಕನ್ನಡ ಸಾಫ್ಟ್‌ವೇರಿನ ಜೊತೆ ಒಂದು ಡಾಂಗಲ್ ಬಂದಿತ್ತು, ಅಂದರೆ ಕಳ್ಳ ಕಾಪಿ ತಡೆಯುವ ಲಾಕು. ಅದನ್ನು ಕಂಪ್ಯೂಟರಿನ ಹಿಂದಿನ 25 ಪಿನ್ನಿನ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಹಾಕಬೇಕು. ಡಾಂಗಲ್ ಮುಖ ನೋಡದೆ ಸಾಫ್ಟ್‌ವೇರ್ ಬಾಗಿಲು ತೆಗೆಯದು.

ಅಷ್ಟರಲ್ಲಿ ಭಾವಮೈದುನ ತನ್ನ ಅಂಗಡಿ ಲೆಕ್ಕದ ಸಾಫ್ಟ್‌ವೇರ್ ತಂದು ಹಾಕಿದ. ಅದಕ್ಕೂ ಲಾಕು! ಒಂದರ ಹಿಂದೆ ಒಂದು ಸಿಕ್ಕಿಸಿದೆವು. ಕನ್ನಡದ್ದು ಮುಂದಿದ್ದರೆ ಲೆಕ್ಕ ತೆರೆಯದು, ಲೆಕ್ಕದ್ದು ಮುಂದಿದ್ದರೆ ಕನ್ನಡ ತೆರೆಯದು. ಮೊದಲ ಪಂಕ್ತಿಯಲ್ಲೇ ಎಲೆ ಹಾಕಬೇಕೆಂದು ಹಟ ಹಿಡಿದ ಬೀಗರ ಹಾಗೆ. ರಿಪೇರಿ ಹುಡುಗ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ ಪೋರ್ಟನ್ನು ವೇಗದ ಇಸಿಪಿ ಮೋಡಿನಿಂದ ಇಪಿಪಿಗೆ, ಅಲ್ಲಿಂದ ಹಳೇ ಕಾಲದ ಎಸ್‌ಪಿಪಿಗೆ ಬದಲಾಯಿಸಿದ. ಪ್ರಿಂಟರ್ ನಿಧಾನವಾಯಿತು, ಬೀಗರ ಹಟ ಹಾಗೇ ಇತ್ತು. ‘ಸಾರ್, ಕ್ರ್ಯಾಕ್ ಹಾಕ್ಕೊಡ್ಲಾ? ಲಾಕೇ ಬೇಡ’ ಅಂದ. ದುಡ್ಡು ಕೊಡದವರ ಮನೆಯಲ್ಲಿ ಎಲ್ಲವೂ ನೆಮ್ಮದಿಯಾಗಿ ನಡೆಯುತ್ತಿದ್ದುದು ಅವನಿಗೆ ಗೊತ್ತಿತ್ತು.

ಆದರೆ ನಿಜವಾದ ಕಾಟ ಕರೆಂಟಿನದು. ಕರೆಂಟ್ ಹೋದರೂ ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತಲೇ ಇರುತ್ತಿತ್ತು. ಕನ್ನಡ ಮಾತ್ರ ‘ಲಾಕ್ ಸಿಗುತ್ತಿಲ್ಲ’ ಅಂತ ಮುಚ್ಚಿಕೊಳ್ಳುತ್ತಿತ್ತು, ಸೇವ್ ಮಾಡದ ವಧೂವರರ ಸಮೇತ. ‘ರೀ, ಸುಖಾಗಮನ ಬಯಸುವವರವರೆಗೂ ಬಂದಿದ್ದೆ!’ ಅಂತ ಇವಳ ಕೂಗು. ಮೂಲ ಹುಡುಕಲು ಬಹಳ ದಿನ ಹಿಡಿಯಿತು. ಲಾಕಿಗೆ ಸ್ವಂತ ಕರೆಂಟಿಲ್ಲ, ಪೋರ್ಟಿನ ಸಿಗ್ನಲ್ ತಂತಿಗಳಿಂದಲೇ ಚೂರುಪಾರು ಕುಡಿದು ಬದುಕುವ ಜೀವ. ಯುಪಿಎಸ್‌ಗೆ ಭಾರವೆಂದು ಪ್ರಿಂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿದ್ದೆವು. ಅದು ಆರಿದೊಡನೆ ಆ ಚೂರನ್ನೂ ತಾನೇ ಎಳೆದುಕೊಳ್ಳುತ್ತಿತ್ತು. ಟೈಪ್ ಮಾಡುವಾಗ ಕೇಬಲ್ ಕಿತ್ತು, ಪ್ರಿಂಟಿಗೆ ಮಾತ್ರ ಸಿಕ್ಕಿಸುವುದೇ ಮದ್ದಾಯಿತು. ಟೇಬಲ್ಲಿನ ಹಿಂದೆ ಕೈ ತೂರಿಸಲು ಆ ಗೇಣು ಜಾಗ ಬೇಕೇ ಬೇಕು.

2005ರಲ್ಲಿ ಸೋನಿ ಬಿಎಂಜಿ ಎಂಬ ಸಂಗೀತ ಕಂಪನಿ ಹಾಡಿನ ಸಿಡಿಗಳೊಳಗೆ ಕಾಪಿ ತಡೆಯುವ ಕಾವಲಿನ ಸಾಫ್ಟ್‌ವೇರ್ ಬಚ್ಚಿಟ್ಟಿದ್ದ ಸುದ್ದಿ ಬಂತು. ಅದನ್ನು ಕೈಯಾರೆ ಕಿತ್ತರೆ ಸಿಡಿ ಡ್ರೈವೇ ಕಂಪ್ಯೂಟರಿನಿಂದ ಮಾಯವಾಗುತ್ತಿತ್ತಂತೆ. ನಮ್ಮದು ಎಷ್ಟೋ ವಾಸಿ, ಕಣ್ಣಿಗಾದರೂ ಕಾಣುತ್ತಿತ್ತು.

ಕೊನೆಗೆ ಹಳೆಯದನ್ನು ಕೊಟ್ಟು, ಮೇಲಷ್ಟು ದುಡ್ಡು ಸುರಿದು ಯುಎಸ್‌ಬಿ ಲಾಕು ತಂದೆವು. ಮಾರನೇ ವಾರವೇ ಅದು ನಾಪತ್ತೆ. ಇವಳು ಮನೆಯೆಲ್ಲ ತಡಕಾಡುತ್ತಿರುವಾಗ ಭಾವಮೈದುನನ ಫೋನು: ‘ಭಾವ, ನಿಮ್ ಪೆನ್‌ಡ್ರೈವ್ ಕೆಟ್ಟೋಗಿದೆ. ಒಂದು ಸಿನಿಮಾನೂ ಕಾಪಿ ಆಗ್ತಿಲ್ಲ.’